ಹೊಗೆಯ ಕೆಮ್ಮು ಎಂದುಕೊಂಡದ್ದು

ನಮ್ಮ ಸ್ಟೇಷನ್ನಿನಲ್ಲಿ ಕೆಮ್ಮದವರು ಯಾರೂ ಇರಲಿಲ್ಲ. ಬೆಳಿಗ್ಗೆ ಪರೇಡಿಗೆ ಸಾಲಾಗಿ ನಿಂತರೆ ಒಬ್ಬರಾದ ಮೇಲೆ ಒಬ್ಬರು ಕೆಮ್ಮುತ್ತಿದ್ದೆವು. ಹುಲ್ಲಿನ ಲಾರಿ, ಸಾ ಮಿಲ್ಲು, ಗುಜರಿ ಅಂಗಡಿಯ ಟೈರು, ಶಿವಮೊಗ್ಗದ ಸುತ್ತಮುತ್ತ ಏನು ಹೊತ್ತಿಕೊಂಡರೂ ಅದರ ಹೊಗೆಯಲ್ಲಿ ಒಂದು ಪಾಲು ನಮ್ಮ ಎದೆಗೆ ಹೋಗುತ್ತಿತ್ತು. ಗಾಳಿಯ ಸಿಲಿಂಡರ್ ಇರುವ ಮಾಸ್ಕುಗಳು ಕೆಲವೇ ಇದ್ದವು. ಉಳಿದವರು ಕರ್ಚೀಫು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ನುಗ್ಗುವುದು. ಹಾಗಾಗಿ ನನಗೆ ಕೆಮ್ಮು ಶುರುವಾದಾಗ ಅದನ್ನೊಂದು ಕಾಯಿಲೆ ಎಂದು ಯಾರೂ ಎಣಿಸಲಿಲ್ಲ. ನಾನಂತೂ ಎಣಿಸಲೇ ಇಲ್ಲ.

ನಾನು ಭದ್ರಾವತಿಯವನು. ಅಪ್ಪ ಅಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ತೊಂಬತ್ತರ ದಶಕದಲ್ಲಿ ನಾನು ಅಗ್ನಿಶಾಮಕ ದಳಕ್ಕೆ ಸೇರಿದೆ. ತರಬೇತಿ ಮುಗಿದ ಮೇಲೆ ಶಿವಮೊಗ್ಗಕ್ಕೆ ಹಾಕಿದರು. ಹೆಂಡತಿ ಸರೋಜ ಕೂಡ ಭದ್ರಾವತಿಯವಳೇ. ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ ನಾನು, ಅವಳು, ಐದು ವರ್ಷದ ಮಗಳು ದೀಪು ಇದ್ದೆವು.

ಜನ ನಮ್ಮನ್ನು ಬೆಂಕಿಗೆ ಮಾತ್ರ ಕರೆಯುತ್ತಿದ್ದರು ಎಂದುಕೊಳ್ಳಬೇಡಿ. ಬಾವಿಗೆ ಬಿದ್ದ ಎಮ್ಮೆಯನ್ನು ಹಗ್ಗ ಹಾಕಿ ಎತ್ತಲು ನಾವೇ ಬೇಕು. ಗಣಪತಿ ಬಿಡುವ ದಿನ ತುಂಗೆಯ ದಡದಲ್ಲಿ ಟ್ಯೂಬು ಹಿಡಿದು ನಿಲ್ಲಲು ನಾವೇ ಬೇಕು. ನಾಲೆಯಲ್ಲಿ ಕೊಚ್ಚಿಹೋದವರನ್ನು ಹುಡುಕಿ, ಮನೆಯವರು ನೋಡುವ ಮೊದಲು ಮುಖ ತೊಳೆದು ಮಲಗಿಸುವವರೂ ನಾವೇ. ಉಳಿದ ಸಮಯದಲ್ಲಿ ಶಾಲೆಗಳಿಗೆ, ಮಹಿಳಾ ಸಂಘಗಳಿಗೆ ಹೋಗಿ ಗ್ಯಾಸ್ ಸಿಲಿಂಡರಿಗೆ ಬೆಂಕಿ ಹಚ್ಚಿ, ಒದ್ದೆ ಗೋಣಿಚೀಲ ಹೊದಿಸಿ ಆರಿಸಿ ತೋರಿಸುವುದು. ಈ ಪ್ರಾತ್ಯಕ್ಷಿಕೆಯ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತಿತ್ತು, ನನ್ನ ಗಂಟಲು ದೊಡ್ಡದು ಎಂಬ ಕಾರಣಕ್ಕೆ.

ನಮ್ಮ ಗಾಡಿ ಓಡಿಸುತ್ತಿದ್ದವರು ಸೆಲ್ವರಾಜ್. ಅವರ ತಾತ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದು ಭದ್ರಾವತಿಯಲ್ಲೇ ನಿಂತವರು. ನನಗಿಂತ ಎಷ್ಟೋ ದೊಡ್ಡವರಾದ್ದರಿಂದ ನಾನು ಸೆಲ್ವಣ್ಣ ಎನ್ನುತ್ತಿದ್ದೆ. ಗಾಡಿಯಲ್ಲಿ ಅವರ ಪಕ್ಕದ ಸೀಟು ನನ್ನದು. ಡ್ಯೂಟಿ ಇಲ್ಲದಾಗ ಒಂದೇ ಲೋಟದ ಚಹಾವನ್ನು ಇಬ್ಬರೂ ಹಂಚಿಕೊಳ್ಳುವಷ್ಟು ಸಲಿಗೆ.

ಶಂಕರಘಟ್ಟದ ದಾರಿಯಲ್ಲಿ ಒಮ್ಮೆ ಹುಲ್ಲಿನ ಲಾರಿಗೆ ಕರೆಂಟ್ ತಂತಿ ತಾಗಿ ಹೊತ್ತಿಕೊಂಡಿತು. ಯೂನಿವರ್ಸಿಟಿಯ ಹುಡುಗರೂ ಬಕೆಟ್ ಹಿಡಿದು ಓಡಿಬಂದಿದ್ದರು. ಹುಲ್ಲಿನ ಬೆಂಕಿ ಮೇಲೆ ಆರಿದರೂ ಒಳಗೆ ಉರಿಯುತ್ತಲೇ ಇರುತ್ತದೆ. ಕೊಕ್ಕೆಯಿಂದ ಎಳೆದೆಳೆದು ಹರಡಿ ನೀರು ಹೊಡೆಯಬೇಕು. ಇಡೀ ಮಧ್ಯಾಹ್ನ ಆ ಹೊಗೆ ಕುಡಿದೆ. ಆವತ್ತಿನಿಂದ ಕೆಮ್ಮು ನಿಲ್ಲಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳುತ್ತಿದ್ದೆ. ಅದಕ್ಕೂ ಮೊದಲೇ ಶುರುವಾಗಿತ್ತೋ ಏನೋ, ಯಾರಿಗೆ ಗೊತ್ತು. ಕಾಯಿಲೆಗೊಂದು ಹುಟ್ಟಿದ ದಿನ ಬೇಕೆನಿಸುತ್ತದೆ, ನಾನು ಆ ದಿನವನ್ನು ಆರಿಸಿಕೊಂಡೆ.

ಸರೋಜ ಮೆಣಸು, ಶುಂಠಿ, ಬೆಲ್ಲ ಕುದಿಸಿ ಕಷಾಯ ಕೊಟ್ಟಳು. ಮೆಡಿಕಲ್ ಶಾಪಿನಲ್ಲಿ ಸಿರಪ್ಪು ತಂದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಬೆಳಗಿನ ಹೊತ್ತಿಗೆ ಬನಿಯನ್ನು ಬೆವರಿನಲ್ಲಿ ಒದ್ದೆ. ಊಟ ಸೇರುತ್ತಿರಲಿಲ್ಲ. ಒಂದು ದಿನ ಸೆಲ್ವಣ್ಣ ನನ್ನ ಸೊಂಟದ ಬೆಲ್ಟನ್ನೇ ನೋಡುತ್ತಾ ನಿಂತರು.

“ಏನಪ್ಪಾ ನಾಗರಾಜ, ಮೊಳೆ ಹೊಡೆದು ಹೊಸ ತೂತು ಮಾಡ್ಕೊಂಡಿದೀಯ? ಹೆಂಡ್ತಿ ಅನ್ನ ಹಾಕಲ್ವಾ?”

“ಬಿಸಿಲು ಜಾಸ್ತಿ ಅಣ್ಣ, ಊಟ ಸೇರ್ತಿಲ್ಲ.”

“ಬಿಸ್ಲು ಎಲ್ಲಾರ್ಗೂ ಒಂದೇ ಅಲ್ವಾ” ಎಂದು ಅವರೂ ಕೆಮ್ಮಿದರು. ಇಬ್ಬರೂ ನಕ್ಕೆವು.

ಅದು ನಗುವ ವಿಷಯವಲ್ಲ ಎಂದು ಗೊತ್ತಾದದ್ದು ಒಂದು ಶಾಲೆಯ ಅಂಗಳದಲ್ಲಿ. ಮಕ್ಕಳೆಲ್ಲ ಅರ್ಧಚಂದ್ರಾಕಾರವಾಗಿ ಕೂತಿದ್ದರು. ನಾನು ಗೋಣಿಚೀಲವನ್ನು ನೀರಿನಿಂದ ಎತ್ತಿ, “ಹೆದರಿ ಓಡಬಾರದು, ಮೊದಲು...” ಎನ್ನುವಷ್ಟರಲ್ಲಿ ಕೆಮ್ಮು ಬಂತು. ನಿಲ್ಲಲೇ ಇಲ್ಲ. ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಗಾಡಿಯ ಹಿಂದೆ ಹೋದೆ. ತೆಗೆದು ನೋಡಿದರೆ ರಕ್ತ. ಹೆಚ್ಚೇನಲ್ಲ, ಎಲೆಯಡಿಕೆ ಉಗಿದಷ್ಟು. ಆದರೆ ನಾನು ಎಲೆಯಡಿಕೆ ಹಾಕುವವನಲ್ಲ. ಮಕ್ಕಳು ಅತ್ತ ಚಪ್ಪಾಳೆ ತಟ್ಟುತ್ತಿದ್ದರು, ಇನ್ನೊಬ್ಬರು ಸಿಲಿಂಡರ್ ಆರಿಸಿದ್ದರು. ನಾನು ಕರ್ಚೀಫನ್ನು ಮಡಚಿ ಜೇಬಿಗೆ ಹಾಕಿಕೊಂಡು ಗಾಡಿಯ ಚಕ್ರಕ್ಕೆ ಒರಗಿ ನಿಂತೆ.

ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕಫಕ್ಕೆ ಪುಟ್ಟ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಬರುವುದನ್ನು ತರಲು ಹೇಳಿದರು. ಕಫ ಪರೀಕ್ಷೆಯ ವಿಭಾಗ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಹೊರಗೆ ಒಂದು ಉದ್ದನೆಯ ಬೆಂಚು. ಅಲ್ಲಿ ಕೂತವರೆಲ್ಲ ಟವೆಲ್ಲು, ಸೆರಗು, ಕೈ ಅಡ್ಡ ಹಿಡಿದಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಯೂನಿಫಾರ್ಮ್ ಬಿಟ್ಟು ಲುಂಗಿ ಉಟ್ಟು ಹೋಗಿದ್ದೆ, ಯಾರೂ ಗುರುತಿಸದಿರಲಿ ಎಂದು. ಆದರೂ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನನ್ನೇ ದಿಟ್ಟಿಸಿದರು.

“ನೀವು ಬೆಂಕಿ ಗಾಡಿಯೋರಲ್ವಾ? ನಮ್ ಸಂಘಕ್ಕೆ ಬಂದು ಸಿಲಿಂಡರ್ ತೋರ್ಸಿದ್ರಲ್ಲ. ನಮ್ಮನೇಲಿ ಗ್ಯಾಸೇ ಇಲ್ಲ, ಆದ್ರೂ ನೋಡಿದ್ದೆ.”

ಅವರ ಹೆಸರು ಗೌರಮ್ಮ. ಅಡಿಕೆ ಸುಲಿಯಲು ಹೋಗುವವರು. ಗುಳಿಗೆ ಶುರುಮಾಡಿ ಕೆಲವು ತಿಂಗಳಾಗಿತ್ತಂತೆ. ನಾನು ತಲೆಯಾಡಿಸಿದೆ. ಅವರು ಬಿಡಲಿಲ್ಲ.

“ಒಂದ್ ಮಾತು ಹೇಳ್ತೀನಿ, ನಾಚ್ಕೋಬೇಡಿ. ಗುಳಿಗೆ ತಗೊಂಡ್ ದಿನ ಉಚ್ಚೆ ಕೆಂಪಗಾಗುತ್ತೆ. ರಕ್ತ ಅಲ್ಲ ಅದು, ಗುಳಿಗೆ ಬಣ್ಣ. ನಂಗೆ ಯಾರೂ ಹೇಳಿರ್ಲಿಲ್ಲ. ಸತ್ತೇ ಹೋಗ್ತೀನಿ ಅಂತ ಬಚ್ಚಲಲ್ಲೇ ಕೂತು ಅತ್ತಿದ್ದೆ.”

ಆ ಕಾಯಿಲೆಯ ಬಗ್ಗೆ ನನಗೆ ಮೊದಲು ಧೈರ್ಯ ಕೊಟ್ಟ ಮಾತು ಅದೇ. ಒಳಗೆ ಡಾಕ್ಟರಮ್ಮ ಹೇಳಿದ್ದರಲ್ಲಿ ಅರ್ಧ ನನ್ನ ತಲೆಗೆ ಹೋಗಲಿಲ್ಲ. ಟಿ.ಬಿ. ಎಂಬ ಎರಡು ಅಕ್ಷರ ಕೇಳಿಸಿತು. ಆರು ತಿಂಗಳು ಗುಳಿಗೆ, ವಾರಕ್ಕೆ ಮೂರು ದಿನ, ಶುರುವಿನ ತಿಂಗಳುಗಳಲ್ಲಿ ಇಲ್ಲಿಗೇ ಬಂದು ಅವರ ಕಣ್ಣೆದುರೇ ನುಂಗಬೇಕು. ಆಮೇಲೆ ಅವರು ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿ ಕೇಳಿಸಿತು: “ಮನೇಲಿ ಚಿಕ್ಕ ಮಕ್ಕಳಿದ್ದಾರಾ?”

ನಮ್ಮ ಕಡೆ ಈ ಕಾಯಿಲೆಯ ಹೆಸರನ್ನು ಜನ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಆ ಕಾಯಿಲೆ’ ಎನ್ನುತ್ತಿದ್ದರು. ನಾನು ಮನೆಗೆ ಹೋಗಿ ಹೆಸರು ಹಿಡಿದೇ ಹೇಳಿದೆ. ಸರೋಜ ದೋಸೆಹಿಟ್ಟಿನ ಪಾತ್ರೆ ಹಿಡಿದು ನಿಂತಿದ್ದಳು. ಕೆಳಗಿಟ್ಟು, ದೀಪುವನ್ನು ಎತ್ತಿಕೊಂಡು ಹೊರಗೆ ಹೋದಳು. ಬಹಳ ಹೊತ್ತು ಸ್ಟೇಷನ್ನಿನ ಅಂಗಳದಲ್ಲಿ ಮಗುವನ್ನು ಎತ್ತಿಕೊಂಡೇ ತಿರುಗಾಡಿದಳು. ಒಳಗೆ ಬಂದಾಗ ಕಣ್ಣು ಒರೆಸಿಕೊಂಡಿದ್ದಳು.

“ನಾವು ಅಮ್ಮನ ಮನೆಗೆ ಹೋಗ್ತೀವಿ” ಎಂದಳು. “ನಿಮ್ ಮೇಲೆ ಕೋಪ ಅಲ್ಲ. ದಿನಾ ನಿಮ್ ಎದೆ ಮೇಲೆ ಮಲಗಿರೋಳು ಇವ್ಳು. ಇನ್ನೊಂದಿನ ಮಲಗಿದ್ರೂ ನಂಗೆ ತಡ್ಕೊಳಕ್ಕೆ ಆಗಲ್ಲ.”

“ಹೋಗು” ಎಂದೆ. ಆ ಕ್ಷಣ ಅದು ಸರಿ ಅನ್ನಿಸಿತು. ಮರುದಿನ ಭದ್ರಾವತಿ ಬಸ್ಸು ಹೊರಟ ಮೇಲೆ ಖಾಲಿ ಮನೆಗೆ ಬಂದಾಗ ಮಾತ್ರ ಅದು ಸರಿ ಅನ್ನಿಸಲಿಲ್ಲ. ಬಸ್ಸು ಹೊರಡುವಾಗ ದೀಪು ಕಿಟಕಿಯಿಂದ ಕೈಬೀಸುತ್ತಿದ್ದಳು. ಅಜ್ಜಿ ಮನೆಗೆ ರಜೆಗೆ ಹೋಗುತ್ತಿದ್ದೇನೆ ಎಂದುಕೊಂಡಿದ್ದಳು.

ಸ್ಟೇಷನ್ನಿನಲ್ಲಿ ವಿಷಯ ತಿಳಿದ ಮೇಲೆ ಯಾರೂ ನನ್ನನ್ನು ಬಯ್ಯಲಿಲ್ಲ. ಕುಡಿಯುವ ನೀರಿನ ಮಡಕೆಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ರಾತ್ರಿ ಡ್ಯೂಟಿಯ ಕೋಣೆಯಲ್ಲಿ ಒಬ್ಬರು ನನ್ನ ಪಕ್ಕದ ಮಂಚವನ್ನು ಆಚೆ ಸರಿಸಿಕೊಂಡರು. ಇನ್ನೊಬ್ಬರು ನನಗಲ್ಲ ಎಂಬ ಹಾಗೆ, ಆದರೆ ನನಗೆ ಕೇಳಿಸುವಷ್ಟು ಜೋರಾಗಿ, “ಮಾಸ್ಕ್ ಎಲ್ಲಾ ಒಬ್ರು ಹಾಕ್ಕೊಂಡಿದ್ದನ್ನೇ ಒಬ್ರು ಹಾಕ್ಕೊಂಡಿದೀವಲ್ಲ ಮಾರಾಯ” ಎಂದರು. ಅದರಲ್ಲಿ ತಪ್ಪೇನಿರಲಿಲ್ಲ. ನನಗೂ ಅದೇ ಭಯವಿತ್ತು. ಬೆಂಕಿಯ ಮುಂದೆ ಹೆದರದವರಿಗೆ ಕಣ್ಣಿಗೆ ಕಾಣದ್ದರ ಬಗ್ಗೆ ಹೆದರಿಕೆಯಾಗುವುದು ಸಹಜ. ಬೆಂಕಿಯಾದರೆ ಎಲ್ಲಿದೆ ಎಂದು ಗೊತ್ತಿರುತ್ತದೆ.

ನಮ್ಮ ಸ್ಟೇಷನ್ ಆಫೀಸರ್ ಹೆಚ್ಚು ಮಾತಿನ ಮನುಷ್ಯರಲ್ಲ. ಎರಡು ದಿನ ಇದನ್ನೆಲ್ಲ ನೋಡಿದರು. ಮೂರನೆಯ ದಿನ ಪರೇಡಿನಲ್ಲಿ, “ಕೆಮ್ಮು ಇರೋರು ಒಂದ್ ಹೆಜ್ಜೆ ಮುಂದೆ ಬನ್ನಿ” ಎಂದರು. ಎಲ್ಲರೂ ಮುಂದೆ ಬಂದರು. “ಸರಿ, ಹತ್ತಿ ಗಾಡಿ. ಮೊದಲು ನಂದೇ ಟೆಸ್ಟ್” ಎಂದು ತಾವೂ ಹತ್ತಿದರು.

ಡ್ಯೂಟಿಯಲ್ಲಿರುವವರು ಗಾಡಿ ಬಿಟ್ಟು ಹೋಗುವಂತಿಲ್ಲ, ಎಲ್ಲಿಂದ ಯಾವಾಗ ಕರೆ ಬಂದರೂ ಹೊರಡಬೇಕು. ಹಾಗಾಗಿ ಬೆಂಕಿ ಗಾಡಿಯಲ್ಲೇ ಆಸ್ಪತ್ರೆಗೆ ಹೋದೆವು. ಕೆಂಪು ಗಾಡಿ ಗೇಟಿನೊಳಗೆ ಬಂದದ್ದೇ ತಡ, ಹೂವಿನವರು, ಆಟೋದವರು, ರೋಗಿಗಳ ಕಡೆಯವರು ಎಲ್ಲ ಓಡಿಬಂದರು.

“ಎಲ್ಲಿ ಸ್ವಾಮಿ ಬೆಂಕಿ? ಯಾವ ವಾರ್ಡು?” ಎಂದು ಆಟೋದವನೊಬ್ಬ ಕೇಳಿದ.

“ಬೆಂಕಿ ಇಲ್ಲ ಮಾರಾಯ” ಎಂದರು ಸೆಲ್ವಣ್ಣ, ಡ್ರೈವರ್ ಸೀಟಿನಿಂದಲೇ. “ಕಫ ಕೊಡೋಕೆ ಬಂದಿದೀವಿ.”

ಹೆಲ್ಮೆಟ್ಟು ಹಾಕಿದವರು, ಗಂಬೂಟು ಹಾಕಿದವರು ಕೈಯಲ್ಲಿ ಪುಟ್ಟ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ಬೆಂಚಿನ ಮೇಲಿದ್ದವರು ಟವೆಲ್ಲು ಸರಿಸಿ ನಕ್ಕರು. ಗೌರಮ್ಮ ಆ ದಿನವೂ ಗುಳಿಗೆಗೆ ಬಂದಿದ್ದರು. “ಎಲ್ಲಾ ಪೌಜು ಕರ್ಕೊಂಡ್ ಬಂದ್ಬಿಟ್ರಾ” ಎಂದರು. ವಾರಗಳ ನಂತರ ನಾನು ಬಾಯಿತುಂಬ ನಕ್ಕದ್ದು ಆವತ್ತು.

ಫಲಿತಾಂಶ ಬಂದಾಗ ಎಲ್ಲರದ್ದೂ ಸರಿಯಿತ್ತು, ಸೆಲ್ವಣ್ಣನ ಹೊರತು. ಅವರಿಗೂ ಟಿ.ಬಿ.

ನನ್ನಿಂದ ಅವರಿಗೋ, ಅವರಿಂದ ನನಗೋ, ಇಬ್ಬರಿಗೂ ಬೇರೆ ಯಾರಿಂದಲೋ, ಅದನ್ನು ಹೇಳುವುದು ಸಾಧ್ಯವಿಲ್ಲ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು. “ಆ ಲೆಕ್ಕ ಹಾಕ್ತಾ ಕೂರಬೇಡಿ, ಗುಳಿಗೆ ತಗೊಳ್ಳಿ.” ಆದರೂ ನಾನು ಆ ಲೆಕ್ಕ ಹಾಕಿದೆ. ಒಂದೇ ಲೋಟದ ಚಹಾ, ಮುಚ್ಚಿದ ಗಾಡಿಯ ಸೀಟು. ಅವರೂ ಹಾಕಿರಬೇಕು. ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಸೆಲ್ವಣ್ಣ ರಜೆ ಹಾಕಿ ಭದ್ರಾವತಿಯ ಮನೆಗೆ ಹೋದರು. ಅಲ್ಲಿಯ ಆಸ್ಪತ್ರೆಯಲ್ಲೇ ಗುಳಿಗೆ ಕೊಡುವ ವ್ಯವಸ್ಥೆಯಾಯಿತು.

ಅದೇ ವಾರ ಸರೋಜ ದೀಪುವನ್ನು ಪರೀಕ್ಷೆಗೆ ಕರೆತಂದಳು. ಮಗುವನ್ನು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋದರು. ನಾನು ಕಾರಿಡಾರಿನ ಆ ತುದಿಯಲ್ಲಿ, ಸರೋಜ ಈ ತುದಿಯಲ್ಲಿ. ಒಳಗಿನಿಂದ ದೀಪು “ಅಪ್ಪಾ” ಎಂದು ಒಮ್ಮೆ ಕೂಗಿದಳು. ನಾನು ಹೋಗಲಿಲ್ಲ. ಉರಿಯುವ ಮನೆಯೊಳಗಿಂದ ಯಾರೋ ಕೂಗಿದರೆ ನುಗ್ಗುವುದೇ ನನ್ನ ಉದ್ಯೋಗ. ಅಂಥವನು ಮಗಳು ಕೂಗಿದಾಗ ಗೋಡೆ ಹಿಡಿದು ನಿಂತಿದ್ದೆ. ಈ ಕಾಯಿಲೆಯಲ್ಲಿ ನನಗೆ ಅತಿ ಕಷ್ಟವಾದದ್ದು ಗುಳಿಗೆಯಲ್ಲ, ಜ್ವರವಲ್ಲ, ಆ ನಿಲ್ಲುವಿಕೆ.

ಎದೆ ಶುಭ್ರವಾಗಿದೆ ಎಂದರು. ಮುಂಜಾಗ್ರತೆಗೆ ಅವಳೂ ಆರು ತಿಂಗಳು ದಿನಕ್ಕೊಂದು ಪುಟ್ಟ ಗುಳಿಗೆ ನುಂಗಬೇಕಿತ್ತು. ಸರೋಜ ನನ್ನ ಕಡೆ ನೋಡಿ ತಲೆಯಾಡಿಸಿದಳು. ಅಷ್ಟು ದೂರದಿಂದಲೇ ನನಗೆ ಉಸಿರು ಬಂತು.

ಗುಳಿಗೆಯ ದಿನಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ನನಗೂ ರಜೆ ಕೊಟ್ಟಿದ್ದರು. ಬೆಳಿಗ್ಗೆ ಹೋಗಿ, ಒಂದು ಹಿಡಿ ಗುಳಿಗೆಯನ್ನು ನರ್ಸಮ್ಮನ ಎದುರು ನುಂಗಿ, ಬಾಯಿ ತೆಗೆದು ತೋರಿಸಿ, ಕ್ವಾರ್ಟರ್ಸಿಗೆ ವಾಪಸ್ಸು ಬಂದು ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗುವುದು. ಬಾಯೆಲ್ಲ ಕಬ್ಬಿಣದ ರುಚಿ. ಮೆಸ್ಸಿನ ಊಟವನ್ನು ಬಾಗಿಲ ಹೊರಗಿಟ್ಟು ಹೋಗುತ್ತಿದ್ದರು. ಕೆಲವು ವಾರಗಳಾದ ಮೇಲೆ, ಮಂಚ ಸರಿಸಿಕೊಂಡಿದ್ದವರೇ ಒಂದು ದಿನ ಹೊಸ್ತಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ದಿನ ಬಾವಿಯಿಂದ ಎತ್ತಿದ ಕರುವಿನ ಕತೆ ಹೇಳಿದರು. ಒಳಗೆ ಬರಲಿಲ್ಲ, ಆದರೆ ನಾನು ಊಟ ಮುಗಿಸುವವರೆಗೆ ಎದ್ದೂ ಹೋಗಲಿಲ್ಲ. ನಾನು ಜ್ವರವಿಲ್ಲದೆ ಎದ್ದ ಬೆಳಿಗ್ಗೆಗಳು ಮೆಲ್ಲಗೆ ಹೆಚ್ಚಾದವು. ಒಂದು ದಿನ ಹಸಿವಾಯಿತು. ಹಸಿವು ಎಂದರೆ ಇದು ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಆ ದಿನಗಳಲ್ಲೇ ಸರೋಜ ಎಸ್‌ಟಿಡಿ ಬೂತಿನಿಂದ ಸ್ಟೇಷನ್ನಿಗೆ ಫೋನ್ ಮಾಡಿದಳು.

“ಸೆಲ್ವಣ್ಣ ಗುಳಿಗೆ ಬಿಟ್ಟಿದಾರಂತೆ. ಅವ್ರ ಹೆಂಡ್ತಿ ಮಾರ್ಕೆಟ್‌ನಲ್ಲಿ ಸಿಕ್ಕಿ ಅತ್ತರು. ಆಸ್ಪತ್ರೆಯೋರು ಮನೆಗೆ ಬಂದ್ರೆ ಹಿಂದ್ಗಡೆ ಬಾಗಿಲಿಂದ ಹೋಗ್ಬಿಡ್ತಾರಂತೆ. ನೀವು ಬನ್ನಿ, ನಾನೂ ಬರ್ತೀನಿ.”

ನನ್ನ ಕಫದ ಪರೀಕ್ಷೆ ಆ ಹೊತ್ತಿಗೆ ನೆಗೆಟಿವ್ ಬಂದಿತ್ತು. ಬಸ್ಸು ಹಿಡಿದು ಹೋದೆ. ಸ್ಟ್ಯಾಂಡಿನಲ್ಲಿ ಸರೋಜ ಕಾಯುತ್ತಿದ್ದಳು. ಎಷ್ಟೋ ದಿನಗಳ ಮೇಲೆ ನಾವಿಬ್ಬರೂ ಜೊತೆಯಲ್ಲಿ ನಡೆದದ್ದು. ಮೊದಲು ಎರಡು ಮಾರು ದೂರದಲ್ಲಿದ್ದಳು, ಸೆಲ್ವಣ್ಣನ ಬೀದಿ ಬರುವಷ್ಟರಲ್ಲಿ ಪಕ್ಕದಲ್ಲಿದ್ದಳು.

ಸೆಲ್ವಣ್ಣ ಹಿತ್ತಲಿನಲ್ಲಿ ಕೂತಿದ್ದರು. ಗಾಡಿಯ ಗಿಯರನ್ನು ಒಂದೇ ಏಟಿಗೆ ಎಳೆಯುತ್ತಿದ್ದ ತೋಳು ಕಡ್ಡಿಯಾಗಿತ್ತು. ನನ್ನನ್ನು ಕಂಡು ಮುಖ ತಿರುಗಿಸಿದರು.

“ವಾಂತಿ ಬರುತ್ತೆ ನಾಗರಾಜ. ತಿಂದಿದ್ದು ನಿಲ್ಲಲ್ಲ. ಸ್ವಲ್ಪ ವಾಸಿ ಆಯ್ತು, ಬಿಟ್ಟೆ. ಬೀದಿಯೋರೆಲ್ಲ ಆಸ್ಪತ್ರೆಯೋರು ಯಾಕ್ ಬರ್ತಾರೆ ಅಂತ ಕೇಳ್ತಾರೆ. ಮಗಳ ಮದ್ವೆ ಮಾತಾಡ್ತಾ ಇದೀವಿ, ಗೊತ್ತಲ್ಲ ನಿಂಗೆ.”

“ಹುಲ್ಲಿನ ಲಾರಿ ಮೇಲೆ ಆರಿದೆ ಅಂತ ಗಾಡಿ ತಿರುಗಿಸ್ಕೊಂಡು ಯಾವತ್ತಾದ್ರೂ ಬಂದಿದೀವಾ ಅಣ್ಣ?”

ಹಾಗೆ ಕೇಳಿದ್ದು ಚೆನ್ನಾಗಿತ್ತು ಎಂದು ನನಗೇ ಅನ್ನಿಸಿತ್ತು, ಆದರೆ ಅದರಿಂದ ಏನೂ ಆಗಲಿಲ್ಲ. ಅವರನ್ನು ಅಲುಗಾಡಿಸಿದ್ದು ಸರೋಜಳ ಮಾತು.

“ಮದ್ವೆ ದಿನ ಧಾರೆ ಎರೆಯೋರು ಯಾರು ಅಣ್ಣ?” ಎಂದಳು. “ಮುಚ್ಚಿಟ್ಕೊಂಡ್ರೆ ಮದ್ವೆ ಆಗುತ್ತೆ. ನೀವು ಇರಲ್ಲ.”

ಸೆಲ್ವಣ್ಣನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕೊನೆಗೆ ಸೆಲ್ವಣ್ಣ ಹೇಳಿದರು, “ನಮ್ ಬೀದಿಗೆ ಯಾರೂ ಬರೋದ್ ಬೇಡ. ನಾನೇ ಶಿವಮೊಗ್ಗಕ್ಕೆ ಬರ್ತೀನಿ. ಗುಳಿಗೆ ನುಂಗೋವಾಗ ನೀನ್ ಎದುರು ಇರ್ಬೇಕು.”

ಡಾಕ್ಟರಮ್ಮ ಅವರನ್ನು ಗದರಿಸಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬೇಕು, ಈ ಸಲ ಇಂಜೆಕ್ಷನ್ನೂ ಸೇರುತ್ತದೆ ಎಂದರು. ವಾಂತಿಗೆ ಬೇರೆ ಗುಳಿಗೆ ಕೊಟ್ಟರು. ಸೆಲ್ವಣ್ಣ ಕ್ವಾರ್ಟರ್ಸಿನಲ್ಲಿ ನನ್ನ ಜೊತೆಗೇ ಉಳಿದರು. ಗುಳಿಗೆಯ ದಿನ ಇಬ್ಬರೂ ಆಸ್ಪತ್ರೆಗೆ ಹೋಗುವುದು, ಬರುವಾಗ ಬಾಳೆಹಣ್ಣು ತರುವುದು. ಅವರಿಗೆ ವಾಂತಿಯಾದರೆ ನಾನು ಬಕೆಟ್ ಹಿಡಿಯುವುದು, ನನಗಾದರೆ ಅವರು. ನನ್ನ ಕೋರ್ಸು ಮುಗಿದ ದಿನ ಅವರದ್ದು ಇನ್ನೂ ಅರ್ಧವೂ ಆಗಿರಲಿಲ್ಲ. ಆದರೂ ನನಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಸರೋಜ ದೀಪುವನ್ನು ಕರೆದುಕೊಂಡು ವಾಪಸ್ಸು ಬಂದ ದಿನ, “ನಾನು ಸ್ಟೇಷನ್ ರೂಮಿಗೆ ಹೋಗ್ತೀನಮ್ಮ” ಎಂದು ಹಾಸಿಗೆ ಸುತ್ತಿದರು. ಅವರ ಕಫವೂ ಆಗ ನೆಗೆಟಿವ್ ಇತ್ತು. ಸರೋಜ ಅವರ ಕೈಯಿಂದ ಹಾಸಿಗೆ ತೆಗೆದುಕೊಂಡು ಹಾಲಿನ ಮೂಲೆಯಲ್ಲೇ ಮತ್ತೆ ಬಿಡಿಸಿದಳು.

ಸೆಲ್ವಣ್ಣ ಪೂರ್ತಿ ವಾಸಿಯಾದರು, ಮಗಳ ಮದುವೆಯಲ್ಲಿ ಧಾರೆಯನ್ನೂ ಎರೆದರು. ನನ್ನ ಬಲಗಡೆಯ ಶ್ವಾಸಕೋಶದಲ್ಲಿ ಕಲೆ ಉಳಿದಿದೆ. ಮೆಟ್ಟಿಲು ಹತ್ತಿದರೆ ಅದು ಅಲ್ಲಿದೆ ಎಂದು ನೆನಪಿಸುತ್ತದೆ. ಡ್ಯೂಟಿಗೆ ಮರಳಿದಾಗ ಹೊಗೆಯೊಳಗೆ ನುಗ್ಗುವ ಕೆಲಸ ಬೇಡ ಎಂದರು. ಪಂಪಿನ ಹತ್ತಿರ ನಿಂತು ಒತ್ತಡ ನೋಡಿಕೊಳ್ಳುವುದು ನನ್ನ ಕೆಲಸವಾಯಿತು. ಬೇರೆಯವರು ಪೈಪು ಹಿಡಿದು ಒಳಗೆ ಹೋಗುವುದನ್ನು ಹೊರಗೆ ನಿಂತು ನೋಡುವುದು ಶುರುವಿಗೆ ಅವಮಾನ ಅನ್ನಿಸುತ್ತಿತ್ತು. ಈಗ ಹಾಗಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಕಡಿಮೆಯಾಗಿದೆ.

ಪ್ರಾತ್ಯಕ್ಷಿಕೆಯ ಕೆಲಸ ಮಾತ್ರ ನನ್ನಲ್ಲೇ ಉಳಿಯಿತು. ಮರುವರ್ಷ ಭದ್ರಾವತಿಯ ಒಂದು ಕಾರ್ಮಿಕರ ಬಡಾವಣೆಯಲ್ಲಿ ಮಹಿಳಾ ಸಂಘದವರು ಕರೆದಿದ್ದರು. ಸರೋಜ ತವರಿಗೆ ಬಂದಿದ್ದವಳು ತಾನೂ ನೋಡಲು ಬಂದು ಹಿಂದೆ ನಿಂತಿದ್ದಳು. ಸಿಲಿಂಡರ್ ಆರಿಸಿ ತೋರಿಸಿದ ಮೇಲೆ ನಾನು ಎಂದೂ ಹೇಳದ್ದನ್ನು ಅವತ್ತು ಹೇಳಿದೆ. ಮೂರು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ, ನನಗೂ ಟಿ.ಬಿ. ಬಂದಿತ್ತು, ವಾಸಿಯಾಗಿದೆ. ಮುಂದಿನ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಸ್ವಲ್ಪ ಹಿಂದಕ್ಕೆ ಸರಿದರು. ಹೇಳಬಾರದಿತ್ತೇನೋ ಎಂದುಕೊಂಡು ಗೋಣಿಚೀಲ ಹಿಂಡತೊಡಗಿದೆ.

ಜನ ಚದುರಿದ ಮೇಲೆ ಒಬ್ಬಳು ಹೆಂಗಸು ಗಾಡಿಯ ಹತ್ತಿರ ಬಂದಳು. ಸರೋಜ ನನ್ನ ಪಕ್ಕದಲ್ಲೇ ಇದ್ದಳು.

“ಸಾರ್, ಎರಡು ತಿಂಗಳಾಯ್ತು ನಂಗೆ ಕೆಮ್ಮು” ಎಂದಳು, ಬೀದಿಯ ಕಡೆ ನೋಡುತ್ತಾ. “ಆಸ್ಪತ್ರೆಗೆ ಹೋದ್ರೆ ಅದೇ ಅಂತಾರೇನೋ. ಮನೇಲಿ ಗೊತ್ತಾದ್ರೆ ತವರಿಗೆ ಅಟ್ತಾರೆ. ನಿಮ್ ಮನೇಲಿ ಏನಂದ್ರು ಸಾರ್?”

ಸರೋಜ ಒಂದು ಹೆಜ್ಜೆ ಮುಂದೆ ಬಂದಳು.

“ಇವ್ರ ಮನೇಲಿರೋಳು ನಾನೇ” ಎಂದಳು. “ಮಾರನೇ ದಿನವೇ ಮಗು ಎತ್ಕೊಂಡು ಹೊರಟ್ಹೋದೆ. ತುಂಬಾ ಹೆದ್ರಿದ್ದೆ ಕಣಮ್ಮ. ಯಾರಾದ್ರೂ ಬಂದು ನಂಗೆ ಎರಡು ಮಾತು ಹೇಳಿದ್ರೆ ಅಷ್ಟು ಹೆದರ್ತಿರ್ಲಿಲ್ಲ. ನಿಮ್ಮನೇಲಿ ಯಾರಿದಾರೆ, ಅತ್ತೆನಾ?”

“ಅತ್ತೆ, ಮನೆಯೋರು.”

“ನಡಿ, ಅವ್ರ ಹತ್ರ ನಾನು ಮಾತಾಡ್ತೀನಿ.”

ಇಬ್ಬರೂ ಓಣಿಯೊಳಗೆ ನಡೆದರು. ನಾನು ಪೈಪನ್ನು ಸುರುಳಿ ಸುತ್ತಿ ಗಾಡಿಗೆ ಏರಿಸಿದೆ. ಸ್ಟಿಯರಿಂಗ್ ಹಿಡಿದು ಕೂತಿದ್ದ ಸೆಲ್ವಣ್ಣ ಗಾಡಿ ಸ್ಟಾರ್ಟ್ ಮಾಡಿ, “ಹೊರಡೋಣ್ವಾ?” ಎಂದು ಕೇಳಿದರು.

“ಸ್ವಲ್ಪ ಇರಿ ಅಣ್ಣ” ಎಂದೆ. “ಸರೋಜ ಒಳಗೆ ಹೋಗಿದಾಳೆ.”

ಅವರು ಎಂಜಿನ್ ಆಫ್ ಮಾಡಿದರು.